ವೆಸ್ಟ್ ಇಂಡೀಸ್ ಬಾವನ ಕೆಂಡದ ಬಂಗುಡೆ

ನಮ್ಮ ಬಾವ ಹುಟ್ಟಿದ್ದು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಲ್ಲಿ ಎಂದು ಅವರ ಸ್ಕೂಲಿನ ಟೀಸಿ ಹೇಳುತ್ತದೆ. ಹೆಡ್‌ಮಾಸ್ತರರ ರುಜು ಇರುವ ಕಾಗದವನ್ನು ಸುಳ್ಳು ಎನ್ನುವ ಧೈರ್ಯ ನನಗಿಲ್ಲ. ಆದರೂ ನೀವು ನಮ್ಮವರು ಎಂದು ಹೇಳುತ್ತಿದ್ದೇನೆ, ಆ ಮನುಷ್ಯ ಅಪ್ಪಟ ವೆಸ್ಟ್ ಇಂಡೀಸಿನವರು! ಎಲ್ಲೋ ದಾರಿ ತಪ್ಪಿ ಬಂದು ನನ್ನ ಅಕ್ಕನ ಗಂಡನಾಗಿದ್ದಾರೆ, ಅಷ್ಟೇ.

ಹುಡುಗರಾಗಿದ್ದಾಗ ಊರಿನ ಹುಣಸೆಮರದ ಕೆಳಗೆ ಯಾರದೋ ಟ್ರಾನ್ಸಿಸ್ಟರಿನಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿದರಂತೆ. ಅರ್ಥವಾದದ್ದು ‘ಔಟ್’ ಎಂಬ ಒಂದೇ ಪದ. ಔಟ್ ಮಾಡುತ್ತಿದ್ದವರು ವೆಸ್ಟ್ ಇಂಡೀಸಿನವರು, ಆಗುತ್ತಿದ್ದವರು ನಾವು. ಅಂದಿನಿಂದ ಬಾವ ಆ ಪಕ್ಷ. ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿ ಕಂಬ ಹತ್ತುವಾಗಲೂ ತಲೆಯ ಮೇಲೆ ಮೆರೂನ್ ಬಣ್ಣದ ಉಲ್ಲನ್ ಟೋಪಿ. ಚಿತ್ರದುರ್ಗದ ಬಿಸಿಲಿನಲ್ಲಿ ಉಲ್ಲನ್ ಟೋಪಿ! ಆಮೇಲೆ ಆ ತಂಡ ಸೋಲುವುದಕ್ಕೆ ಶುರು ಮಾಡಿತು. ಊರವರೆಲ್ಲ ಪಕ್ಷ ಬದಲಾಯಿಸಿದರು. ಬಾವ ಮಾತ್ರ ಟೋಪಿ ತೆಗೆಯಲಿಲ್ಲ. “ಬಿಟ್ಟಾಕ್ರಿ ಬಾವ, ಅವರ ಕಾಲ ಮುಗೀತು” ಎಂದು ನಾನೇ ಎಷ್ಟೋ ಸಲ ಬುದ್ಧಿ ಹೇಳಿದೆ. “ಲೇ ಬಾಮೈದ, ಗೆಲ್ಲೋರ ಜೊತೆ ಯಾವನ್ ಬೇಕಾದ್ರೂ ಕುಂತ್ಕಂತಾನೆ, ಹೋಗಲೇ” ಎಂದು ನನ್ನ ಬುದ್ಧಿಯನ್ನು ನನಗೇ ವಾಪಸ್ ಕೊಟ್ಟರು.

ಬುದ್ಧಿ ಹೇಳುವುದು ನನಗೆ ಉಸಿರಾಡಿದಷ್ಟೇ ಸಲೀಸು. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುತ್ತ ಸೈಕಲ್ಲಿನಲ್ಲಿ ಊರೂರು ಸುತ್ತಿದವನು ನಾನು. ಮೊಣಕಾಲು ಹರಿದ ಪ್ಯಾಂಟಿಗೆ ಲೋಟವೋ ಚೊಂಬೋ ಎಂದು ಹೊಳಲ್ಕೆರೆಯ ಒಬ್ಬ ಯಜಮಾನಿತಿಯೊಡನೆ ಅರ್ಧ ದಿನ ವಾದಿಸಿ, ಕೊನೆಗೆ ಲೋಟಕ್ಕೇ ಒಪ್ಪಿಸಿ, ಮೇಲೆ ಮಜ್ಜಿಗೆ ಕುಡಿದು ಬಂದವನು. ಇವತ್ತು ಹೊಸದುರ್ಗದಲ್ಲಿ ನನ್ನದೇ ಪಾತ್ರೆ ಅಂಗಡಿ ಇದೆ. ಇಂಥವನ ಸಲಹೆ ಪುಕ್ಕಟೆ ಸಿಗುವಾಗ ತೆಗೆದುಕೊಳ್ಳದವರಿಗೆ ಏನು ಹೇಳಬೇಕು?

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಶ್ರಾವಣದಲ್ಲಿ ಅಕ್ಕನಿಗೆ ಎದೆನೋವು ಬಂತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು ಹಿರಿಯೂರಿನ ಮನೆಗೆ ವಾಪಸ್ಸಾದಳು. ಕರಿದದ್ದನ್ನು ಬಿಡಿ, ಉಪ್ಪನ್ನು ಅರ್ಧಕ್ಕರ್ಧ ಇಳಿಸಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆದರೆ ನನ್ನ ಅಕ್ಕನಿಗೆ ಅರ್ಧ ಎನ್ನುವುದೇ ಗೊತ್ತಿಲ್ಲ. ಬೈದರೆ ಪೂರ್ತಿ ಬೈಯುವವಳು, ಬಡಿಸಿದರೆ ಪೂರ್ತಿ ಬಡಿಸುವವಳು. “ಅರ್ಧ ಉಪ್ಪಿನ ಸಾರು ಅಂತ ಒಂದು ಸಾರೇನೋ? ಬಿಟ್ರೆ ಪೂರ್ತಿನೇ ಬಿಡ್ತೀನಿ” ಎಂದು ಅವತ್ತೇ ಉಪ್ಪಿನ ಜಾಡಿಗೆ ಕೈ ಮುಗಿದುಬಿಟ್ಟಳು.

ಉಪ್ಪಿನ ಜೊತೆಗೆ ಊಟದ ಮೇಲಿನ ಆಸೆಯೂ ಹೋಯಿತು. ಒಂದು ಕಾಲದಲ್ಲಿ ಅವಳು ಮೀನು ಕರಿದರೆ ಬೀದಿಯ ಬೆಕ್ಕುಗಳೆಲ್ಲ ನಮ್ಮ ನೆಂಟರಾಗಿಬಿಡುತ್ತಿದ್ದವು. ಆ ಕೈ ಈಗ ಎರಡು ತುತ್ತು ಮುದ್ದೆ ಮುರಿದು ತಟ್ಟೆ ಸರಿಸುತ್ತಿತ್ತು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಹೀಗೆ ಉಣ್ಣದೆ ಇದ್ದರೆ ಕೊಟ್ಟ ಮಾತ್ರೆಗಳೂ ಮೈಗೆ ಹತ್ತುವುದಿಲ್ಲ ಎಂದು ಡಾಕ್ಟರು ಬಾವನನ್ನು ಪಕ್ಕಕ್ಕೆ ಕರೆದು ಹೇಳಿದರು.

ಬಾವ ಟೋಪಿ ಸರಿಮಾಡಿಕೊಂಡು ಘೋಷಿಸಿದರು: “ಬರೋ ಯುಗಾದಿ ಮಾರನೇ ದಿನ, ವರ್ಷತೊಡಕಿಗೆ, ನಿಮ್ಮಕ್ಕ ಒಂದು ಇಡೀ ಮೀನು ತಿನ್ನಬೇಕು. ಎಣ್ಣೆ ಇಲ್ಲ, ಉಪ್ಪಿಲ್ಲ. ತಿಂದು ಮುಳ್ಳನ್ನ ತಟ್ಟೆ ಅಂಚಿಗೆ ಇಡಬೇಕು. ಇಡಿಸ್ತೀನಿ! ವೆಸ್ಟ್ ಇಂಡೀಸ್ ಕಡೆ ಮಾಡಿದಂಗೆ ಮಾಡ್ತೀನಿ.”

“ಸುಟ್ಟ ಮೀನು ನಾನ್ ತಿನ್ನಲ್ಲ” ಎಂದು ಒಳಗಿನಿಂದ ಅಕ್ಕನ ಧ್ವನಿ ಬಂತು. “ಸುಟ್ಟಿದ್ದನ್ನ ತಿನ್ನಕೆ ನಾನೇನು ಬೂದಿ ಬಳ್ಕಂಡ ಬೈರಾಗಿಯೇನ್ರೀ?”

ಬಾವನ ಗುರು ಫೋನಿನಲ್ಲಿದ್ದರು. ಯಾವುದೋ ದ್ವೀಪದ ಸಮುದ್ರದ ದಡದಲ್ಲಿ ಕೆಂಡದ ಮುಂದೆ ನಿಂತು ಮೀನು ಸುಡುವ ಒಬ್ಬ ದಪ್ಪನೆಯ ಹೆಂಗಸು. ಆಕೆಯ ಇಂಗ್ಲಿಷು ಬಾವನಿಗೆ ಒಂದಕ್ಷರವೂ ತಿಳಿಯದು. ಆದರೆ ಆಕೆ ಸೊಂಟದ ಮೇಲೆ ಕೈಯಿಟ್ಟು ಮೀನನ್ನು ಗದರುವ ರೀತಿ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. “ಥೇಟ್ ನಮ್ಮ ಅತ್ತೆ ಕಣಲೇ” ಎನ್ನುತ್ತಿದ್ದರು. ಅಂದರೆ ನನ್ನ ಅಮ್ಮ! ಅಲ್ಲಿಂದ ಮನೆಯಲ್ಲಿ ಎಲ್ಲವೂ ಆಯಮ್ಮನ ಅಪ್ಪಣೆ. ಆಯಮ್ಮ ಶುಂಠಿ ಹಾಕು ಅಂದ್ರು. ಆಯಮ್ಮ ನಿಂಬೆಹಣ್ಣು ಹಿಂಡು ಅಂದ್ರು. ಒಂದು ವಾರ ಸಹಿಸಿದ ಅಕ್ಕ ಎಂಟನೇ ದಿನ ಕೇಳಿಯೇಬಿಟ್ಟಳು: “ಯಾರ್ರೀ ಆಯಮ್ಮ? ಮನೇಗೆ ಕರ್ಕಂಡ್ ಬರ್ರಿ, ನಾನೂ ಒಂದ್ ಮಾತಾಡ್ತೀನಿ.”

ಮೊದಲು ಬೇಕಾದದ್ದು ಒಲೆ. ಡ್ರಮ್ಮನ್ನು ಉದ್ದಕ್ಕೆ ಸೀಳಿ, ಅಡ್ಡ ಮಲಗಿಸಿ, ಕೆಂಡ ತುಂಬಿ, ಮೇಲೆ ಜಾಲರಿ ಇಡಬೇಕು. ಡ್ರಮ್ ತರುವ ಕೆಲಸ ಯಾರದು? ಚೌಕಾಸಿಯ ಮಾತು ಬಂದರೆ ಈ ಜಿಲ್ಲೆಯಲ್ಲಿ ಇನ್ಯಾರಿದ್ದಾರೆ! ರಸ್ತೆ ಕೆಲಸದವರ ಹತ್ತಿರ ಒಂದು ಗಟ್ಟಿ ಡ್ರಮ್ಮನ್ನು ಹೆಚ್ಚುಕಡಿಮೆ ನಗುಮುಖಕ್ಕೇ ಹೊಡೆದುಕೊಂಡು ಬಂದೆ. ಬಾವ ಬೆನ್ನು ತಟ್ಟಿದರು. ಸೀಳಿದೆವು, ತೊಳೆದೆವು, ಕೆಂಡ ಹಾಕಿದೆವು, ಮೀನು ಇಟ್ಟೆವು. ಡ್ರಮ್ಮಿನ ಅಂಚಿನಿಂದ ಕಪ್ಪಗೆ ಏನೋ ಕರಗಿ ಇಳಿಯುತ್ತಿದ್ದದ್ದನ್ನು ನಾನು ಮೀನಿನ ಕೊಬ್ಬು ಎಂದುಕೊಂಡೆ. ಒಂದು ಚೂರು ಬಾಯಿಗಿಟ್ಟಾಗ ಗೊತ್ತಾಯಿತು, ಅದು ಡಾಂಬರು! ನಾಲಿಗೆಯ ಮೇಲೆ ಹಿರಿಯೂರು ಬೈಪಾಸು ಹಾದುಹೋದ ಹಾಗಾಯಿತು.

“ಸರಿಯಾಗಿ ಚೌಕಾಸಿ ಮಾಡಿದೀಯ ಕಣಪ್ಪ,” ಎಂದರು ಬಾವ ಉಗುಳುತ್ತ. “ಡ್ರಮ್ ಜೊತೆ ರೋಡೂ ಕೊಟ್ಟವ್ರೆ.”

ಓದುಗರು ದಯವಿಟ್ಟು ಬರೆದಿಟ್ಟುಕೊಳ್ಳಿ. ಒಲೆಗೆ ಡ್ರಮ್ ತರುವುದಾದರೆ ಒಳಗೆ ಮೂಗು ಹಾಕಿ ನೋಡಿ ತನ್ನಿ. ಜಾಲರಿಗೆ ಬಣ್ಣ ಹಚ್ಚಿದ ಕಬ್ಬಿಣ ಬೇಡ, ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. ಎಲ್ಲಿ ಸಿಗುತ್ತದೆ ಎಂದು ನಾನು ಹೇಳಿದರೆ ಸ್ವಂತ ಅಂಗಡಿಯ ಪ್ರಚಾರವಾದೀತು, ಬಿಡಿ.

ಅದೇ ತಿಂಗಳು ಹಿತ್ತಲಿನ ಕರಿಬೇವಿನ ಗಿಡ ಒಣಗತೊಡಗಿತು. ಹತ್ತು ವರ್ಷದ ಗಿಡ. “ನಿನ್ನ ಡಾಂಬರಿನ ಹೊಗೆ” ಎಂದು ಬಾವ ತಪ್ಪನ್ನು ನನ್ನ ಮೇಲೆ ಹಾಕಿದರು. ನನಗೆ ನಂಬಿಕೆ ಬರಲಿಲ್ಲ. ಒಂದೇ ದಿನದ ಹೊಗೆಗೆ ಗಿಡ ಸಾಯುತ್ತದೆಯೇ? ಆದರೂ ಡ್ರಮ್ ತಂದವನು ನಾನೇ ಆದ್ದರಿಂದ ಅರ್ಧ ಗಂಟೆ ವಾದಿಸಿ ಕೊನೆಗೆ ತಪ್ಪು ಒಪ್ಪಿಕೊಂಡೆ.

ಎರಡನೇ ಸಲಕ್ಕೆ ಸೋಪಿನೆಣ್ಣೆಯ ಖಾಲಿ ಡ್ರಮ್ಮು, ನನ್ನ ಅಂಗಡಿಯ ಜಾಲರಿ. ಮೀನು ಮಾರಿಕಣಿವೆ ಡ್ಯಾಮಿನ ಜಿಲೇಬಿ ಮೀನು. ಮೆತ್ತನೆಯ ಜೀವ, ತಿರುವಿ ಹಾಕುವಷ್ಟರಲ್ಲಿ ಚೂರುಚೂರಾಗಿ ಕೆಂಡದೊಳಗೆ ಬಿತ್ತು. ಜಾಲರಿಯ ಮೇಲೆ ಉಳಿದದ್ದು ಬಾಲ ಮಾತ್ರ. ಅಕ್ಕ ಬಂದು ನೋಡಿ, “ಇದನ್ನೇ ನಾನು ಪೂರ್ತಿ ತಿನ್ನಬೇಕಾಗಿರೋದು? ಕೊಡ್ರಿ, ಒಂದೇ ತುತ್ತಿಗೆ ಪಂದ್ಯ ಮುಗಿಸ್ತೀನಿ” ಎಂದಳು.

ಬಾವನಿಗೆ ಅಲ್ಲೇ ಜ್ಞಾನೋದಯವಾಯಿತು. ವೆಸ್ಟ್ ಇಂಡೀಸಿನ ಸುತ್ತ ಇರುವುದು ಏನು? ಸಮುದ್ರ! ಕೆರೆಯ ಮೀನಿಗೆ ಇದು ಒಗ್ಗುವುದಿಲ್ಲ. ಇನ್ನೂ ಒಂದು ಗುಟ್ಟನ್ನು ಅವರು ನನ್ನ ಕಿವಿಯಲ್ಲಿ ಹೇಳಿದರು: “ಸಮುದ್ರದ ಮೀನು ಹುಟ್ಟಿದಾಗಿಂದ ಉಪ್ಪುನೀರಾಗೆ ಇರ್ತತೆ. ಒಂದಿಷ್ಟಾದ್ರೂ ಅದರ ಮೈಯಾಗೆ ಇಳಿದಿರಲ್ವಾ? ನಾನು ಒಂದ್ ಕಲ್ಲು ಉಪ್ಪೂ ಹಾಕಲ್ಲ. ಆದ್ರೆ ನಿಮ್ಮಕ್ಕನ ನಾಲಿಗೆಗೆ ಉಪ್ಪು ಹತ್ತಬೇಕು.” ಶಾಸ್ತ್ರ ಸರಿಯೋ ತಪ್ಪೋ ನನಗೆ ತಿಳಿಯದು. ಆ ಕಣ್ಣು ನೋಡಿ ವಾದ ಮಾಡಲು ಮನಸ್ಸಾಗಲಿಲ್ಲ. ವಾದ ಮಾಡದೆ ಬಿಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಮಸಾಲೆಯದೂ ಒಂದು ಕಥೆ. ಈರುಳ್ಳಿಸೊಪ್ಪು, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ನಿಂಬೆರಸ, ಚೂರು ಬೆಲ್ಲ. ಇವೆಲ್ಲ ಮನೆಯಲ್ಲೇ ಇದ್ದವು. ಆಯಮ್ಮ ಹಾಕುವ ಒಂದು ಕಾಳು ಮಾತ್ರ ಹಿರಿಯೂರಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಬಾವ ಬಿಡುತ್ತಾರೆಯೇ? ಲವಂಗ, ಚಕ್ಕೆ, ಜಾಯಿಕಾಯಿ, ಕಾಳುಮೆಣಸು ನಾಲ್ಕನ್ನೂ ಸೇರಿಸಿ ಕುಟ್ಟಿ, “ನಾಲ್ಕು ಜನ ಸೇರಿದ್ರೆ ಒಬ್ಬನ ಕೆಲಸ ಮಾಡಕಾಗಲ್ವಾ? ನಮ್ಮ ಆಫೀಸ್ನಾಗೆ ಅದೇ ತಾನೆ ನಡೀತಿದ್ದದ್ದು” ಎಂದರು.

ಇನ್ನುಳಿದದ್ದು ಒಂದು ಸೊಪ್ಪು. ದಪ್ಪ ಎಲೆ, ಅಂಚು ಗರಗಸದಂತೆ, ಮೈಮೇಲೆ ನವಿರು ರೋಮ. ಬಾವ ಫೋನನ್ನು ಕಣ್ಣಿಗೆ ಒತ್ತಿಕೊಂಡು ನೋಡಿದರು. ಆಮೇಲೆ ಕಿಟಕಿಯ ಕಡೆ ನೋಡಿದರು. ಮತ್ತೆ ಫೋನು, ಮತ್ತೆ ಕಿಟಕಿ. ಅಲ್ಲಿ ಕುಂಡದಲ್ಲಿದ್ದದ್ದು ಅಕ್ಕನ ದೊಡ್ಡಪತ್ರೆ! ನಾವು ಕೆಮ್ಮಿಗೆ ಕಷಾಯ ಕಾಯಿಸುವ ಎಲೆಯನ್ನೇ ಅಲ್ಲಿನ ಜನ ಮೀನಿಗೆ ಅರೆದು ಹಚ್ಚುತ್ತಾರೆ. ಬಾವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ನಾನು ಹೇಳಲಿಲ್ವೇನೋ? ನಮಗೂ ಅವರಿಗೂ ಏನೋ ಸಂಬಂಧ ಐತೆ!” ಐದು ನಿಮಿಷದಲ್ಲಿ ಗಿಡ ಬೋಳಾಯಿತು. ಅಕ್ಕ ಸೌಟು ಹಿಡಿದು ಬಂದಳು: “ನನ್ನ ಕೆಮ್ಮಿನ ಗಿಡ ಕಣ್ರೀ! ಇನ್ನ ನಿಮಗೆ ಕೆಮ್ಮು ಬಂದ್ರೆ ಏನ್ ಮಾಡ್ತೀರ?” ಬಾವ ಶಾಂತವಾಗಿ ಹೇಳಿದರು: “ಮೀನು ತಿಂತೀನಿ.”

ಹೊಗೆಯ ವಿಷಯದಲ್ಲೂ ಅವರು ಮರ್ಯಾದಸ್ಥರು. ಪಕ್ಕದ ಮನೆಯ ಹಿರಿಯರು ಮಠಕ್ಕೆ ನಡೆದುಕೊಳ್ಳುವವರು, ಮೀನು ಮಾಂಸ ಮುಟ್ಟದವರು. ಅವರ ಕಿಟಕಿಗೆ ಹೊಗೆ ಹೋಗಬಾರದು. ಅದಕ್ಕೆ ಬಾವ ಕಂಡುಕೊಂಡ ಉಪಾಯ ನೋಡಿ. ತಾರಸಿಯ ಮೇಲೆ ನಿಂತರೆ ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತವೆ. ಅವು ಮುಖ ಯಾವ ಕಡೆಗೆ ತಿರುಗಿಸಿವೆ ಎಂದು ನೋಡಿ, ಲೆಕ್ಕ ಹಾಕಿ, ಆಮೇಲೆ ಬೆಂಕಿ ಹಚ್ಚುವುದು! ಕೋಟಿ ಬೆಲೆಯ ಯಂತ್ರಗಳನ್ನು ಬಂಗುಡೆ ಸುಡಲು ಬಳಸಿದ ಮೊದಲ ಮನುಷ್ಯ ಅವರೇ ಇರಬೇಕು. ಪಕ್ಕದ ಮನೆಯ ಹಿರಿಯರು ಕಾಂಪೌಂಡಿನ ಮೇಲಿಂದ ಕೇಳಿದರು: “ಸೋಮವಾರ ಒಂದು ಬಿಟ್ಬಿಡ್ರಿ ಲೈನ್‌ಮನ್ನರೇ, ಉಳಿದ ದಿನ ನಿಮ್ಮ ಗಾಳಿ ನಿಮ್ಮದು.” ಕೃತಜ್ಞತೆಗೆ ಬಾವ ಅವರಿಗೆಂದೇ ಬೇರೆ ಒಲೆಯಲ್ಲಿ ಅನಾನಸ್ ಹೋಳು ಸುಟ್ಟು ಕಳಿಸಿದರು. ಮರುದಿನ ಆ ತಟ್ಟೆ ತೊಳೆದು ವಾಪಸ್ ಬಂತು, ಅದರಲ್ಲಿ ಇನ್ನೊಂದು ಇಡೀ ಅನಾನಸ್ ಹಣ್ಣಿತ್ತು.

ನಡುವೆ ಒಮ್ಮೆ ಬಾವ ಹೊಸದುರ್ಗಕ್ಕೆ ಬಂದರು, ತೆಂಗಿನಚಿಪ್ಪಿನ ಇದ್ದಿಲು ಒಯ್ಯಲು. ನಮ್ಮೂರಿನಲ್ಲಿ ತೆಂಗಿನಚಿಪ್ಪಿಗೇನು ಬರ? ಆ ಕೆಂಡ ಹದವಾಗಿ, ನಿಧಾನಕ್ಕೆ ಉರಿಯುತ್ತದೆ, ನೀವೂ ಅದನ್ನೇ ಬಳಸಿ. ಊಟಕ್ಕೆ ಕೂತಾಗ ನನ್ನ ಹೆಂಡತಿ ಉಪ್ಪಿನಕಾಯಿ, ಹಪ್ಪಳ ತಂದಿಟ್ಟಳು. ಒಂದು ಕಾಲದಲ್ಲಿ ಜಾಡಿಯನ್ನೇ ಪಕ್ಕಕ್ಕೆ ಇಟ್ಟುಕೊಂಡು ಉಣ್ಣುತ್ತಿದ್ದವರು ಎರಡನ್ನೂ ಕೈಯಿಂದ ಸರಿಸಿ, “ಬೇಡಮ್ಮ, ನಾಲಿಗೆ ನೆಟ್ ಪ್ರಾಕ್ಟೀಸ್ನಾಗೆ ಐತೆ” ಎಂದರು. ಬರೀ ಮೊಸರನ್ನ ತಿಂದು ಎದ್ದರು. ಹುಚ್ಚು ನೆತ್ತಿಗೇರಿದೆ ಎಂದು ನಾವಿಬ್ಬರೂ ನಕ್ಕೆವು.

ವರ್ಷತೊಡಕು ಬಂತು. ಯುಗಾದಿಯ ದಿನ ಬೇವುಬೆಲ್ಲ, ಒಬ್ಬಟ್ಟು ತಿಂದವರು ಮರುದಿನ ಬಾಡೂಟ ಮಾಡದಿದ್ದರೆ ನಮ್ಮ ಕಡೆ ಹೊಸ ವರ್ಷ ಶುರುವಾದಂತೆಯೇ ಅಲ್ಲ. ಬೆಳಿಗ್ಗೆಯೇ ನಾನು ಗಾಡಿ ಹತ್ತಿ ದುರ್ಗಕ್ಕೆ ಹೋದೆ. ಕುರಿ ಅಂಗಡಿಗಳ ಮುಂದೆ ಊರಿಗೆ ಊರೇ ಪಾತ್ರೆ ಹಿಡಿದು ನಿಂತಿತ್ತು. ಮೀನಿನ ಅಂಗಡಿಯಲ್ಲಿ? ಮಂಗಳೂರಿನಿಂದ ಐಸಿನಲ್ಲಿ ಬಂದ ಬಂಗುಡೆ, ಸೀಗಡಿ ರಾಶಿ ಬಿದ್ದಿವೆ, ಕೇಳುವವರಿಲ್ಲ! ಇಂಥ ದಿನಕ್ಕೆ ನಾನು ಇಡೀ ಜನ್ಮ ಕಾದಿದ್ದೆ. ಹೇಗೆ ಕೊಳ್ಳಬೇಕು ಕೇಳಿ. ಬೇಕಾದ ಮೀನಿನ ಬೆಲೆಯನ್ನು ಮೊದಲು ಕೇಳಬಾರದು, ಪಕ್ಕದ್ದನ್ನು ಕೇಳಬೇಕು. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಹೊಳೆಯಬೇಕು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲಬಾರದು. ಎಲ್ಲ ಮಾಡಿ, ಮುಖ ಕಹಿ ಮಾಡಿಕೊಂಡು ಎರಡು ಹೆಜ್ಜೆ ಹೊರಟೆ.

“ಬರ್ರೀ ಯಜಮಾನ್ರೇ, ಬರ್ರಿ! ವರ್ಷತೊಡಕಿಗೆ ಮೀನು ಕೊಳ್ಳೋರು ನೀವೊಬ್ರೇ ಕಾಣ್ತೀರ, ನಿಮಗೂ ಕೊಡಲಿಲ್ಲ ಅಂದ್ರೆ ನಾನೇ ಕುಂತ್ಕಂಡು ತಿನ್ನಬೇಕಾಗ್ತತೆ” ಎಂದು ಅಂಗಡಿಯವನು ಕೂಗಿದ. ನಾನು ಹೇಳಿದ ಬೆಲೆಗೇ ತೂಗಿದ, ಮೇಲೆ ಒಂದು ಹಿಡಿ ಸೀಗಡಿ ಹಾಕಿದ. ಗೆದ್ದುಬಿಟ್ಟೆ!

ಹಿರಿಯೂರಿನ ಮನೆಗೆ ಬರುವ ಹೊತ್ತಿಗೆ ಹೊಳಲ್ಕೆರೆಯ ಚಿಕ್ಕಪ್ಪ ಬಂದು ಕೂತಿದ್ದರು. ಪ್ರತಿ ವರ್ಷತೊಡಕಿಗೂ ಅಕ್ಕನ ಮನೆಯ ಕುರಿಯ ಸಾರಿಗೆ ತಪ್ಪದೆ ಬರುವವರು. ನನ್ನ ಚೀಲದಿಂದ ಬಂಗುಡೆಯ ಬಾಲ ಇಣುಕಿದ್ದು ಕಂಡು ಎದ್ದು ನಿಂತರು.

“ಏನಪ್ಪ ಇದು? ವರ್ಷತೊಡಕಿಗೆ ಮೀನಾ? ಇಡೀ ವರ್ಷ ನೀರಿನ ಪಾಲಾಗ್ತತೆ! ನಾನು ಮೂರೂವರೆ ಬಸ್ಸಿಗೆ ಹೊರಟೆ.”

“ಹೋಗೋರು ಹೋಗಬೌದು, ಮೊದಲು ಒಂದು ತಿನ್ರಿ,” ಎಂದರು ಬಾವ. “ನಾವೆಲ್ಲ ಕುರಿ ತಿಂದು ಅವಳ ಮುಂದೆ ಸಪ್ಪೆ ಸಾರು ಇಡಬೇಕಾ ಚಿಕ್ಕಪ್ಪ? ಇವತ್ತು ಈ ಮನೇಲಿ ಎಲ್ರಿಗೂ ಒಂದೇ ಅಡುಗೆ.”

ಚಿಕ್ಕಪ್ಪ ಮತ್ತೆ ಕೂತರು. ಬಾವ ತಾರಸಿಗೆ ಹೋಗಿ ಗಾಳಿಯಂತ್ರ ನೋಡಿದರು. ಇದ್ದಿಲು ಹೊತ್ತಿಸಿದರು. ಬಂಗುಡೆಯ ಎರಡೂ ಮಗ್ಗುಲಿಗೆ ಗೀರು ಹಾಕಿ, ಗೀರಿನೊಳಗೆ ಮಸಾಲೆ ತುಂಬಿ ಎರಡು ಗಂಟೆ ಬಿಟ್ಟಿದ್ದರು. ದೋಸೆಹೆಂಚಿಗೆ ಉಜ್ಜುತ್ತೇವಲ್ಲ, ಹಾಗೆ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಮುಟ್ಟಿಸಿ ಜಾಲರಿಗೆ ಉಜ್ಜಿದರು. ಎಣ್ಣೆಯ ಖರ್ಚು ಅಷ್ಟೇ. ಲೈನ್‌ಮನ್ನಿನ ರಬ್ಬರ್ ಗ್ಲೌಸ್ ಕೈಗೆ, ಹನ್ನೊಂದು ಸಾವಿರ ವೋಲ್ಟ್ ನೋಡಿದ ಗ್ಲೌಸು! ಚೆನ್ನಾಗಿ ಕುದಿಸಿ ತೊಳೆದ ಕಟಿಂಗ್ ಪ್ಲೇಯರಿನಲ್ಲಿ ಬಾಲ ಹಿಡಿದು ಒಂದೇ ಸಲಕ್ಕೆ ತಿರುವಿದರು. ಒಂದು ಚೂರೂ ಒಡೆಯಲಿಲ್ಲ. ಜೊತೆಗೆ ಯುಗಾದಿಗೆ ತಂದು ಉಳಿದ ಮಾವಿನಕಾಯಿ, ಸೌತೆಕಾಯಿ, ಈರುಳ್ಳಿ ಸೇರಿಸಿದ ಕೋಸಂಬರಿ. ಅನಾನಸ್ಸಿನ ಬಿಲ್ಲೆಗಳು ಕಂದು ಗೆರೆ ಹೊತ್ತುಕೊಂಡು ಕೂತವು. ದೊಡ್ಡಪತ್ರೆ, ಲವಂಗ, ಸುಟ್ಟ ನಿಂಬೆಯ ವಾಸನೆ ತಾರಸಿಯಿಂದ ಇಳಿದು ಅಡುಗೆಮನೆಗೂ ಹೋಯಿತು.

ಅಕ್ಕನನ್ನು ಮೊದಲ ಪಂಕ್ತಿಗೇ ಕೂರಿಸಿದರು. ಬಾಳೆಲೆಯ ಮೇಲೆ ಒಂದು ಇಡೀ ಬಂಗುಡೆ. ಅವಳು ಅದನ್ನು ನೋಡಿದಳು, ಬಾವನ ಟೋಪಿ ನೋಡಿದಳು, ಕಣ್ಣು ಮುಚ್ಚಿ ಒಂದು ಚೂರು ಮುರಿದು ಬಾಯಿಗಿಟ್ಟಳು. ಚಿಕ್ಕಪ್ಪ ಬಸ್ಸು ಮರೆತರು. ಬಾವ ಪ್ಲೇಯರು ಹಿಡಿದೇ ನಿಂತಿದ್ದರು, ಕೊನೆಯ ಬಾಲಿಗೆ ಕಾಯುವವರ ಹಾಗೆ.

ಅಕ್ಕ ಅಗಿದಳು. ನುಂಗಿದಳು. “ಉಪ್ಪು ಸ್ವಲ್ಪ ಕಮ್ಮಿ ಆತು ಕಣ್ರೀ” ಎಂದಳು.

ಮರುಕ್ಷಣ ಬಾವ ಟೋಪಿ ತೆಗೆದು ಆಕಾಶಕ್ಕೆ ಎಸೆದರು!

“ಕೇಳಿದೇನೋ? ಕಮ್ಮಿ ಅಂದ್ಲು! ಇಲ್ಲ ಅನ್ನಲಿಲ್ಲ, ಕಮ್ಮಿ ಅಂದ್ಲು! ಅಂದ್ರೆ ಐತೆ ಅಂತ ಆತು! ಒಂದ್ ಕಲ್ಲು ಹಾಕಿಲ್ಲ ಕಣಲೇ ನಾನು! ಗೆದ್ವಿ! ವೆಸ್ಟ್ ಇಂಡೀಸ್ ಗೆದ್ತು!”

ಅಕ್ಕ ತಲೆ ಎತ್ತದೆ ತಿಂದಳು. ಮುಳ್ಳನ್ನು ತಟ್ಟೆಯಲ್ಲಲ್ಲ, ಎಲೆಯ ಅಂಚಿಗೆ ನೀಟಾಗಿ ಜೋಡಿಸಿದಳು. ಆಮೇಲೆ ಇನ್ನೊಂದು ಹಾಕಿ ಎನ್ನುವಂತೆ ಬೆರಳಿನಿಂದ ಎಲೆ ತಟ್ಟಿದಳು. ಎಂಟು ತಿಂಗಳಲ್ಲಿ ಮೊದಲ ಸಲ ಅವಳು ಎರಡನೆಯದನ್ನು ಕೇಳಿದ್ದು. ಚಿಕ್ಕಪ್ಪನ ಎಲೆಯ ಅಂಚಿನಲ್ಲಿ ಐದು ಬಂಗುಡೆಯ ಮುಳ್ಳಿದ್ದವು. ಮೂರೂವರೆ ಬಸ್ಸು ಹೋಗಿ ಎಷ್ಟೋ ಹೊತ್ತಾದ ಮೇಲೆ ಅವರು ಮೆಲ್ಲಗೆ ಕೇಳಿದರು: “ಕುರಿನೂ ಹಿಂಗೇ ಮಾಡಕ್ಕೆ ಬರ್ತತೇನಪ್ಪ? ಆಯಮ್ಮನ್ನ ಒಂದ್ ಮಾತು ಕೇಳಿ ನೋಡು.”

ಸಂಜೆ ನಾನು ಹೊರಟಾಗ ಬಾವ ತಾರಸಿಯ ಮೇಲೆ ಪಕ್ಕದ ಮನೆಯ ಹಿರಿಯರಿಗೆ ಪಂದ್ಯದ ಕಾಮೆಂಟರಿ ಹೇಳುತ್ತಿದ್ದರು. “ಕಮ್ಮಿ ಅಂದ್ಲು ಸ್ವಾಮಿ, ಕಮ್ಮಿ!” ಎನ್ನುವುದು ಬೀದಿಯವರೆಗೆ ಕೇಳಿಸುತ್ತಿತ್ತು. ಅಕ್ಕ ಎರಡು ಬಂಗುಡೆಯನ್ನು ಬಾಳೆಲೆಯಲ್ಲಿ ಸುತ್ತಿ ತಂದು ಗಾಡಿಯ ಡಿಕ್ಕಿಯಲ್ಲಿಟ್ಟಳು.

“ಉಪ್ಪು ಉದುರಿಸ್ಕಂಡು ತಿನ್ರಿ ಇಬ್ರೂ. ಇದರಾಗೆ ಒಂದ್ ಚೂರೂ ಉಪ್ಪಿನ ರುಚಿ ಇಲ್ಲ.”

ನಾನು ಕೀ ತಿರುಗಿಸುವುದನ್ನು ನಿಲ್ಲಿಸಿದೆ. “ಮತ್ತೆ ಕಮ್ಮಿ ಅಂದೆ?”

ಅಕ್ಕ ಒಮ್ಮೆ ತಾರಸಿಯ ಕಡೆ ನೋಡಿ, ದನಿ ಇಳಿಸಿದಳು.

“ಅವರಿಗೆ ಅಂತ ದಿನಾ ಬೇರೆ ಕುಡಿಕೇಲಿ ಉಪ್ಪು ಹಾಕಿದ ಸಾರು ಮಾಡಿಡ್ತೀನಿ ಕಣೋ. ನನಗೆ ಕಾಣಲ್ಲ ಅಂದ್ಕಂಡು ಅದನ್ನ ಒಯ್ದು ಹಿತ್ತಲಾಗೆ ಚೆಲ್ಲಿ, ನನ್ನ ಸಪ್ಪೆ ಸಾರನ್ನೇ ಬಗ್ಗಿಸ್ಕಂತಾರೆ. ಎಂಟು ತಿಂಗಳಾತು. ಆ ಕರಿಬೇವಿನ ಗಿಡ ಸುಮ್ಸುಮ್ಕೆ ಒಣಗ್ತೇನೋ?” ಸೆರಗಿನಿಂದ ಮೂಗು ಒರೆಸಿಕೊಂಡಳು. “ಹೋಗು, ಕತ್ತಲಾಗೋದ್ರೊಳಗೆ ಮನೆ ಸೇರ್ಕ. ಅವರಿಗೆ ಏನೂ ಹೇಳಬೇಡ.”

ಹೊಸದುರ್ಗಕ್ಕೆ ಬಂದು ಪೊಟ್ಟಣ ಬಿಚ್ಚಿದೆವು. ನನ್ನ ಹೆಂಡತಿ ಉಪ್ಪಿನ ಡಬ್ಬಿ ತಂದು ಪಕ್ಕದಲ್ಲಿಟ್ಟಳು. ನಾನು ಅದನ್ನು ಮುಟ್ಟಲಿಲ್ಲ. ಒಂದು ಚೂರು ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿದೆ.

“ಹೆಂಗೈತ್ರೀ?” ಎಂದಳು.

“ಚೆನ್ನಾಗೈತೆ,” ಎಂದೆ. “ಉಪ್ಪು ಸ್ವಲ್ಪ ಕಮ್ಮಿ, ಅಷ್ಟೇ.”